ಐಸ್ ತರುವವಳು

ಒಣದ್ರಾಕ್ಷಿ ಕಂಡರೆ ನೆಟ್ಟಿ ಬ್ರಷಿಯರ್‌ಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆಯಾಗಿ ಬಂದ ವರ್ಷ, ಡರ್ಬಿ ಕುದುರೆ ಓಟದ ದಿನ, ಗಂಡನ ಅಕ್ಕ ಇಮೋಜೀನಳ ಮನೆಗೆ ಆಲೂಗಡ್ಡೆ ಸಲಾಡ್ ಮಾಡಿಕೊಂಡು ಹೋಗಿದ್ದಳು. ಅದರಲ್ಲಿ ಒಂದು ಹಿಡಿ ಒಣದ್ರಾಕ್ಷಿ ಹಾಕಿದ್ದಳು. ಅವಳ ತವರಿನ ಬೆಟ್ಟದ ಕಡೆ ಹಾಗೇ ಹಾಕುತ್ತಿದ್ದರು. ಅದೊಂದು ಅಪರಾಧ ಎಂದು ಯಾರೂ ಹೇಳಿರಲಿಲ್ಲ. ಇಮೋಜೀನ್ ಒಂದು ಚಮಚ ಬಾಯಿಗಿಟ್ಟು, ಹಲ್ಲಿಗೆ ಸಿಕ್ಕಿದ್ದು ಏನೆಂದು ನಾಲಿಗೆಯಿಂದಲೇ ವಿಚಾರಣೆ ನಡೆಸಿ, ಮೆಲ್ಲಗೆ ಕರವಸ್ತ್ರಕ್ಕೆ ಉಗುಳಿ, "ಅಯ್ಯೋ, ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ" ಎಂದಿದ್ದಳು.

ನಮ್ಮ ಕೆಂಟಕಿಯಲ್ಲಿ ಹೆಂಗಸರು ಬೈಯುವುದಿಲ್ಲ, ಹರಸುತ್ತಾರೆ. ಹಾಗೆ ಹರಸಿಸಿಕೊಂಡವರು ಮತ್ತೆ ಮೇಲೇಳುವುದಿಲ್ಲ. ಮರುವರ್ಷ ವಸಂತ ಬರುತ್ತಿದ್ದಂತೆ ಇಮೋಜೀನಳ ಫೋನ್ ಬಂತು. "ನೀನೇನೂ ತೊಂದ್ರೆ ತಗೋಬೇಡಮ್ಮ. ಐಸ್ ತಾ, ಅಷ್ಟು ಸಾಕು." ಅಂದಿನಿಂದ ನೆಟ್ಟಿ ಐಸ್ ತರುತ್ತಿದ್ದಾಳೆ. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ, ಆ ಮಗಳಿಗೂ ಮಕ್ಕಳಾದವು. ನೆಟ್ಟಿ ಇನ್ನೂ ಐಸ್ ತರುತ್ತಿದ್ದಾಳೆ.

ಇಮೋಜೀನಳ ಮೇಜಿಗೆ ಒಂದು ಕಾನೂನಿದೆ. ಯಾವ ತಿಂಡಿ ಯಾರದೋ ಅದು ಸಾಯುವ ತನಕ ಅವರದೇ. ಕೆಂಪು ಮೆಣಸಿನಕಾಯಿ ಬೆರೆಸಿದ ಪಿಮೆಂಟೊ ಚೀಸ್ ಪಕ್ಕದ ಮನೆಯ ವಿಲ್ಡಾಳದು. ಉಪ್ಪಿನಲ್ಲಿ ಒಣಗಿಸಿದ ಹಂದಿಮಾಂಸ ಇಟ್ಟ ಪುಟಾಣಿ ಬನ್ನು ಇಮೋಜೀನಳದು. ಬೇರೆಯವರು ಅದನ್ನು ಎಷ್ಟೇ ಚೆನ್ನಾಗಿ ಮಾಡಿ ತಂದರೂ ಅದು ಕಳ್ಳತನ. ಅಡುಗೆ ನಂಬಲಾಗದವರಿಗೆ ಕಾಗದದ ತಟ್ಟೆ ತರಲು ಹೇಳುತ್ತಾರೆ. ತಟ್ಟೆಗಾದರೂ ಬಣ್ಣ ಆರಿಸುವಷ್ಟು ಬುದ್ಧಿ ಬೇಕಲ್ಲ! ಅದೂ ಇಲ್ಲ ಎನ್ನುವವರ ಪಾಲಿಗೆ ಐಸ್.

ಹೀಗಿರುವಾಗ ಈ ವರ್ಷ ಒಂದು ಜಾಗ ಖಾಲಿಯಾಯಿತು. ಮೊಟ್ಟೆಯ ಜಾಗ. ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಹಳದಿಯನ್ನು ತೆಗೆದು ಮಸಾಲೆಯಲ್ಲಿ ನಾದಿ, ಮತ್ತೆ ಅದೇ ಗುಳಿಗೆ ತುಂಬುವ ತಿಂಡಿ. ಊರೆಲ್ಲ ಅದನ್ನು ಸೈತಾನನ ಮೊಟ್ಟೆ ಎನ್ನುತ್ತದೆ. ಇಮೋಜೀನ್ ಚರ್ಚಿಗೆ ತಪ್ಪದೆ ಹೋಗುವ ಹೆಂಗಸು, ಸೈತಾನನ ಹೆಸರನ್ನು ಮನೆಯೊಳಗೆ ಬಿಟ್ಟುಕೊಳ್ಳಳು. ಅವಳ ಮನೆಯಲ್ಲಿ ಅದು ಸಿಂಗಾರದ ಮೊಟ್ಟೆ. ಬರ್ಬನ್ ವಿಸ್ಕಿಯ ಬಾಟಲಿಗಳನ್ನು ಮಾತ್ರ ಅವುಗಳ ಹೆಸರು ಹಿಡಿದೇ ಒಳಗೆ ಕರೆಯುತ್ತಾಳೆ. ಈ ಮೊಟ್ಟೆ ಇಮೋಜೀನಳ ಸೋದರತ್ತೆ, ಓಪಲ್ ಅತ್ತೆಯದಾಗಿತ್ತು. ಓಪಲ್ ಅತ್ತೆ ಸತ್ತಿದ್ದರೆ ಎಲ್ಲರೂ ಅತ್ತು ಸುಮ್ಮನಾಗುತ್ತಿದ್ದರು. ಆಕೆ ಎಂಬತ್ತರ ಹೊಸ್ತಿಲಲ್ಲಿ ಒಬ್ಬ ಹಲ್ಲಿನ ಡಾಕ್ಟರನ್ನು ಮದುವೆಯಾಗಿ ಫ್ಲೋರಿಡಾಕ್ಕೆ ಹೊರಟುಹೋದಳು. ಇದನ್ನು ಕುಟುಂಬ ಇನ್ನೂ ಕ್ಷಮಿಸಿಲ್ಲ.

ನೆಟ್ಟಿಗೆ ಆಸೆ ಹುಟ್ಟಿತು. ಚಳಿಗಾಲವಿಡೀ ಮನೆಯಲ್ಲಿ ಕದ್ದು ಮೊಟ್ಟೆ ಮಾಡಿ ಕೈ ಪಳಗಿಸಿಕೊಂಡಳು. ತಿನ್ನುವ ಕೆಲಸ ಗಂಡ ರಾಯ್ಸ್‌ನ ಪಾಲಿಗೆ ಬಂತು. ಅವನ ರಕ್ತಪರೀಕ್ಷೆ ನೋಡಿದ ಡಾಕ್ಟರು, "ನೀವೇನು ಕೋಳಿಗೂಡಲ್ಲಿ ವಾಸ ಮಾಡ್ತೀರಾ?" ಎಂದು ಕೇಳಿದರು. ಹೊಸ ಮೊಟ್ಟೆಯ ಸಿಪ್ಪೆ ಬಿಡುವುದಿಲ್ಲ, ಮೊಟ್ಟೆ ಸ್ವಲ್ಪ ಹಳತಾಗಬೇಕು. ಅದಕ್ಕೇ ಡರ್ಬಿಗೆ ಬಹಳ ಮೊದಲೇ ಎರಡು ಟ್ರೇ ತಂದು ಫ್ರಿಜ್‌ನ ಹಿಂಬದಿಯಲ್ಲಿಟ್ಟು ಫೋನಿಗಾಗಿ ಕಾದಳು.

ಫೋನ್ ಬಂತು.

"ನೆಟ್ಟಿ, ಈ ಸಲ ಜನ ಜಾಸ್ತಿ."

"ಗೊತ್ತಕ್ಕ. ನಾನೇ ಕೇಳೋಣ ಅಂತಿದ್ದೆ. ಓಪಲ್ ಅತ್ತೆ ಮೊಟ್ಟೆ..."

"ಅದನ್ನೇ ಹೇಳ್ತಿರೋದು. ಜನ ಜಾಸ್ತಿ. ಐಸು ಒಂದೆರಡು ಚೀಲ ಹೆಚ್ಚಿಗೆ ತಾ."

"ಮತ್ತೆ ಮೊಟ್ಟೆ?"

"ಮೊಟ್ಟೆ ನಮ್ಮ ಸೊಸೆ ಮಾಡ್ತಾಳೆ. ಕೆಲ್ಸಿ."

ನೆಟ್ಟಿಗೆ ತಡೆಯಲಾಗಲಿಲ್ಲ. "ಕೆಲ್ಸಿ ಓಹಾಯೋದವಳಲ್ವೇನಕ್ಕ?"

"ಹೌದು, ಪಾಪ. ನದಿ ಆಚೆ ಹುಟ್ಟಿದ್ದು ಅವಳ ತಪ್ಪಾ? ಕಲೀಲಿ ಬಿಡು."

ನೆಟ್ಟಿ ಫೋನನ್ನು ಕುಕ್ಕಿ ಇಟ್ಟಳು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ! ರಾಯ್ಸ್ ಟೀವಿಯಿಂದ ಕಣ್ಣು ತೆಗೆಯದೆ, "ಏನಂತೆ?" ಎಂದ.

"ಐಸಂತೆ."

"ಒಳ್ಳೇದೇ ಆಯ್ತು ಬಿಡು. ಸೀಯೋ ಭಯ ಇಲ್ಲ, ಉಪ್ಪು ಜಾಸ್ತಿ ಆಗೋ ಭಯ ಇಲ್ಲ."

ಅವತ್ತು ರಾಯ್ಸ್ ತಂಗಳು ಬ್ರೆಡ್ ತಿಂದು ಮಲಗಿದ.

ಮೇ ತಿಂಗಳ ಮೊದಲ ಶನಿವಾರ, ಡರ್ಬಿಯ ಬೆಳಿಗ್ಗೆ, ನೆಟ್ಟಿ ಐಸ್ ತರಲು ಗಾಡಿಯ ಕೀಲಿಕೈ ಹುಡುಕುತ್ತಿದ್ದಾಗ ಹಿಂಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕೆಲ್ಸಿ. ಕೂದಲು ಕೆದರಿದೆ, ಮೂಗು ಕೆಂಪಾಗಿದೆ. ಒಂದು ಕೈಯಲ್ಲಿ ಮನೆತನದ ಮೊಟ್ಟೆ ತಟ್ಟೆ, ಸುತ್ತಲೂ ಗುಳಿಗಳಿರುವ ಹಳೆಯ ಗಾಜಿನದು. ಇನ್ನೊಂದು ಕೈಯಲ್ಲಿ ಒಂದು ಪಾತ್ರೆ.

"ನೆಟ್ಟಿ ಆಂಟಿ, ಇದೇನಾಯ್ತು ನೋಡಿ."

ನೆಟ್ಟಿ ಪಾತ್ರೆಯೊಳಗೆ ಇಣುಕಿದಳು. ಅವು ಮೊಟ್ಟೆಗಳೇ, ಸಂಶಯವಿಲ್ಲ. ಆದರೆ ಇಲಿ ತಿಂದು ಬೇಸರವಾಗಿ ಬಿಟ್ಟ ಹಾಗಿದ್ದವು. ಬಿಳಿಯೆಲ್ಲ ಸಿಪ್ಪೆಯ ಜೊತೆ ಕಿತ್ತು ಬಂದಿತ್ತು.

"ಮೊಟ್ಟೆ ಎಲ್ಲಿಂದ ತಂದೆ?"

"ಫಾರಂನಿಂದ. ಇವತ್ತು ಬೆಳಿಗ್ಗೆ ಇಟ್ಟದ್ದು ಆಂಟಿ! ಕೋಳಿ ಕೆಳಗಿಂದ ನಾನೇ ತೆಗೆದೆ, ಇನ್ನೂ ಬಿಸಿ ಇತ್ತು. ತಾಜಾ ಇದ್ರೆ ಒಳ್ಳೇದು ಅಂತ..."

ನಿಜ ಹೇಳಬೇಕೆಂದರೆ ಆ ಕ್ಷಣ ನೆಟ್ಟಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇದನ್ನೇ ಹೀಗೇ ತೆಗೆದುಕೊಂಡು ಹೋಗಲಿ. ಸಂಜೆಯೊಳಗೆ ಕಾಗದದ ತಟ್ಟೆಗೆ ಇಳಿಯುತ್ತಾಳೆ, ಮೊಟ್ಟೆಯ ಜಾಗ ಮತ್ತೆ ಖಾಲಿ. "ಏನ್ಮಾಡೋಕಾಗುತ್ತೆ ಮಗಾ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಕೆಲ್ಸಿ ಮೂಗೊರೆಸಿಕೊಂಡು, "ಅತ್ತೆಗೆ ಬೇಜಾರಾದ್ರೆ ನಾನು ಹೆಂಗೆ ತಡ್ಕೊಳ್ಲಿ? ನನ್ನನ್ನ ಎಷ್ಟು ಪ್ರೀತಿಸ್ತಾರೆ ಗೊತ್ತಾ! ದಿನಾ ನನ್ನ ಅಡುಗೆ ರುಚಿ ನೋಡಿ 'ನಿನ್ನ ಹೊಟ್ಟೆ ತಣ್ಣಗಿರ್ಲಿ' ಅಂತಾರೆ" ಎಂದಳು.

ನೆಟ್ಟಿ ಬಾಗಿಲು ಪೂರ್ತಿ ತೆರೆದಳು. ದಿನವೂ ಅಂತೆ! ಈ ಮಗುವಿಗೆ ತನ್ನ ತಲೆ ಉರುಳಿರುವುದೇ ಗೊತ್ತಿಲ್ಲ. "ಒಳಗೆ ಬಾ. ಕೈ ತೊಳ್ಕೋ" ಎಂದಳು.

ಫ್ರಿಜ್‌ನ ಹಿಂಬದಿಯಿಂದ ಆ ಎರಡು ಟ್ರೇ ಹೊರಗೆ ಬಂದವು. ಬೇಯಿಸಿದ ಮೊಟ್ಟೆ ತಣಿಸಲು ಮನೆಯಲ್ಲಿದ್ದ ಐಸನ್ನೆಲ್ಲ ಬೋಗುಣಿಗೆ ಸುರಿದರು. ಸಿಪ್ಪೆ ಬಾಳೆಹಣ್ಣಿನದರಂತೆ ಸಲೀಸಾಗಿ ಬಿಟ್ಟುಕೊಂಡಿತು. ಕೆಲ್ಸಿಗೆ ಸುಲಿಯುವ ಕೆಲಸ, ಉಳಿದದ್ದೆಲ್ಲ ನೆಟ್ಟಿಯದು. ಹಳದಿಗೆ ಮೇಯೊನೀಸ್, ಸಾಸಿವೆ, ತಾನೇ ಹಾಕಿದ ಸೌತೆಕಾಯಿ ಸಿಹಿ ಉಪ್ಪಿನಕಾಯಿಯ ರಸ. ತುಂಬಿ, ಮೇಲೆ ಕೆಂಪು ಪುಡಿ ಉದುರಿಸಿದಾಗ ಆ ತಟ್ಟೆ ಮದುವಣಗಿತ್ತಿಯ ಹಾಗೆ ಕೂತಿತ್ತು. ನೆಟ್ಟಿಗೆ ಕಣ್ಣು ತುಂಬಿ ಬಂತು. ಹೊಟ್ಟೆಕಿಚ್ಚೂ ಆಯಿತು, ತನ್ನ ಕೈಯ ಮೇಲೆ ತನಗೇ.

"ಯಾರಿಗೂ ಹೇಳಲ್ಲ ತಾನೆ ಆಂಟಿ?"

"ಹೇಳಲ್ಲ ಹೋಗು."

ಕೆಲ್ಸಿ ಹೋದ ಮೇಲೆ ನೆಟ್ಟಿ ಹೂವಿನ ಟೋಪಿ ಇಟ್ಟುಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಗಂಡನನ್ನು ಹೊರಡಿಸಿಕೊಂಡು ಇಮೋಜೀನಳ ಮನೆಗೆ ಹೊರಟಳು. ಮನಸ್ಸೆಲ್ಲ ಮೊಟ್ಟೆಯ ಮೇಲೇ. ಇಮೋಜೀನ್ ಬಾಗಿಲು ತೆರೆದಳು. ಅವಳ ಟೋಪಿ ಎಷ್ಟು ಅಗಲವೆಂದರೆ ತನ್ನ ಮನೆಯ ಬಾಗಿಲಲ್ಲಿ ತಾನೇ ಓರೆಯಾಗಿ ನಿಲ್ಲಬೇಕಾಗಿತ್ತು. ನೆಟ್ಟಿಯ ಬರಿಗೈ ನೋಡಿದಳು, ಹಿಂದೆ ರಾಯ್ಸ್‌ನ ಬರಿಗೈ ನೋಡಿದಳು.

"ಐಸೆಲ್ಲಿ?"

ನೆಟ್ಟಿ ತನ್ನ ಕೈ ನೋಡಿಕೊಂಡಳು. ಐಸಿನ ನೆನಪೇ ಆಗಿರಲಿಲ್ಲ.

ಡರ್ಬಿಯ ದಿನ ಮಧ್ಯಾಹ್ನದ ಮೇಲೆ ನಮ್ಮ ಊರಲ್ಲಿ ಐಸ್ ಹುಡುಕುವುದೆಂದರೆ ಕೋಳಿಯ ಬಾಯಲ್ಲಿ ಹಲ್ಲು ಹುಡುಕಿದ ಹಾಗೆ. ರಾಯ್ಸ್ ಗಾಡಿ ಓಡಿಸಿಕೊಂಡು ಹೋದ. ಪೆಟ್ರೋಲ್ ಬಂಕು, ದಿನಸಿ ಅಂಗಡಿ, ಔಷಧಿ ಅಂಗಡಿ, ಎಲ್ಲೂ ಇಲ್ಲ. ಕೊನೆಗೆ ಕೆರೆಯ ಬಳಿ ಮೀನಿನ ಗಾಳಕ್ಕೆ ಹುಳ ಮಾರುವವನ ಹತ್ತಿರ ಒಂದು ಚೀಲ ಸಿಕ್ಕಿತೆಂದು ಹೆಮ್ಮೆಯಿಂದ ಹೊತ್ತು ತಂದ. ಇಮೋಜೀನ್ ಚೀಲದ ಬಾಯಿ ಬಿಚ್ಚಿ ಮೂಸಿದಳು.

"ರಾಯ್ಸ್, ಇದರಲ್ಲಿ ಏನಿತ್ತು?"

"ಮೀನಿತ್ತಂತೆ. ಈಗ ತೆಗ್ದಿದಾನೆ."

ಚೀಲ ಹಿತ್ತಲಿಗೆ ಹೋಯಿತು. ಪುದೀನಾ ಜಜ್ಜಿ, ಸಕ್ಕರೆ ಪಾಕ ಹಾಕಿ, ಬರ್ಬನ್ ಸುರಿದ ಬೆಳ್ಳಿ ಲೋಟಗಳು ಸಾಲಾಗಿ ಬೆಚ್ಚಗೆ ಕೂತಿದ್ದವು. ಜೂಲೆಪ್ ಎನ್ನುವ ಈ ಪಾನೀಯ ಪುಡಿ ಐಸ್ ಇಲ್ಲದಿದ್ದರೆ ಬರೀ ಕೆಮ್ಮಿನ ಕಷಾಯ. ಇಮೋಜೀನಳ ಫ್ರಿಜ್‌ನಲ್ಲಿ ಐಸ್ ಇರಲಿಲ್ಲ. ನೆಟ್ಟಿ ತರುತ್ತಾಳೆಂಬ ಧೈರ್ಯದಲ್ಲಿ ಅವಳು ಎಷ್ಟೋ ವರ್ಷಗಳಿಂದ ಆ ಜಾಗದಲ್ಲಿ ತರಕಾರಿ ತುಂಬಿಟ್ಟಿದ್ದಳು. ವಿಲ್ಡಾ ಅದನ್ನೇ ನೋಡಿ, "ಬಟಾಣಿ ಹೆಪ್ಪುಗಟ್ಟಿದೆ. ತಣ್ಣಗಿದ್ರೆ ಸಾಕಲ್ವಾ?" ಎಂದಳು.

ಹಾಗೆ ಅತಿಥಿಗಳ ಬರ್ಬನ್‌ನಲ್ಲಿ ಹಸಿರು ಬಟಾಣಿ ತೇಲಿತು. ಬಟಾಣಿ ಮುಗಿದ ಮೇಲೆ ಬೆಂಡೆಕಾಯಿ ಹೋಳಿನ ಸರದಿ. ನಿವೃತ್ತ ಜಡ್ಜ್ ಹಾಲ್ಕಂ ಬೆಂಡೆಕಾಯಿಯ ಲೋಟ ಎತ್ತಿದರು. ಒಂದು ಗುಟುಕು ಕುಡಿದು ಲೋಟ ದೂರ ಮಾಡಿದರೆ ತುಟಿಯಿಂದ ಲೋಟದವರೆಗೆ ಒಂದು ನೂಲು ಎಳೆಯಿತು. ಅವರು ಅದನ್ನು ಬೆರಳಿಂದ ಕತ್ತರಿಸಿ, ನ್ಯಾಯಪೀಠದ ಗಾಂಭೀರ್ಯದಲ್ಲಿ, "ಹೊಸ ರುಚಿ" ಎಂದರು.

ಐಸ್ ಇಲ್ಲದ ಮೇಜು ಕಣ್ಣೆದುರಿಗೇ ಕುಸಿಯತೊಡಗಿತು. ವಿಲ್ಡಾಳ ಚೀಸ್ ಬೆವರಿತು. ಸೌತೆಕಾಯಿ ಸ್ಯಾಂಡ್‌ವಿಚ್ ಜೋಲು ಮೋರೆ ಹಾಕಿತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ನೆಟ್ಟಿಯ ಭುಜ ತಟ್ಟಿ, "ಪಾಪ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಹೋದರು. ಹಾರೈಕೆಯ ಮಳೆಯೇ ಸುರಿಯಿತು. ಒಂದು ಚೀಲ ನೀರುಗಲ್ಲನ್ನೂ ತರಲಾಗದವಳು! ಇದಕ್ಕಿಂತ ಕೆಳಗೆ ಇನ್ನು ಮೆಟ್ಟಿಲೇ ಇಲ್ಲ ಎಂದು ನೆಟ್ಟಿಗೆ ಅನ್ನಿಸಿತು.

ಮೇಜಿನ ಮೇಲೆ ತಲೆಯೆತ್ತಿ ನಿಂತದ್ದು ಮೊಟ್ಟೆ ಒಂದೇ. ಜನ ಅದಕ್ಕೆ ಮುಗಿಬಿದ್ದರು. ಕುದುರೆಗಳು ಟೀವಿಯಲ್ಲಿ ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿರುವಾಗಲೇ ತಟ್ಟೆ ಖಾಲಿಯಾಯಿತು. ಒಂದು ತಿಂದವರು ಎರಡನೆಯದಕ್ಕೆ ಓಡಿದರು, ಎರಡನೆಯದು ಸಿಗದವರು ಓಪಲ್ ಅತ್ತೆಯ ಮೇಲಿನ ಸಿಟ್ಟನ್ನೇ ಮರೆತರು. ಇಮೋಜೀನ್ ಹೆಂಗಸರನ್ನೆಲ್ಲ ಅಡುಗೆಮನೆಯಲ್ಲಿ ಸೇರಿಸಿ, ಸೊಸೆಯ ಹೆಗಲ ಮೇಲೆ ಕೈ ಹಾಕಿದಳು.

"ನೋಡಿ, ನದಿ ಆಚೆಯಿಂದ ಬಂದವಳು. ಈ ಮನೆ ಮಾನ ಉಳಿಸಿದ್ಲು. ಓಪಲ್ ಅತ್ತೆನೂ ಹಿಂಗೆ ಮಾಡಿರ್ಲಿಲ್ಲ. ಇವತ್ತಿಂದ ಮೊಟ್ಟೆ ನಿಂದೇ ಕಣೇ, ಸಾಯೋ ತನಕ." ಆಮೇಲೆ ತಿರುಗಿದಳು. "ಇನ್ನು ನೀನು ನೆಟ್ಟಿ. ನಿಂಗೆ ಇದ್ದಿದ್ದು ಒಂದೇ ಕೆಲಸ. ನೀರು ಗಟ್ಟಿ ಮಾಡೋದೂ ನಿನ್ನ ಕೆಲಸ ಅಲ್ಲ, ಗಟ್ಟಿ ಆಗಿರೋದನ್ನ ಹೊತ್ಕೊಂಡು ಬರೋದು! ಬೆಳಿಗ್ಗೆಯಿಂದ ಏನ್ ಮಾಡ್ತಿದ್ದೆ?"

ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಒಂದು ಮಾತು ಆಡಿದರೆ ನೆಟ್ಟಿ ಗೆಲ್ಲುತ್ತಿದ್ದಳು. ಆ ಮಾತಿಗಾಗಿ ಅವಳು ಅರ್ಧ ಆಯುಷ್ಯ ಕಾದಿದ್ದಳು. ಕೆಲ್ಸಿಯ ಮುಖ ನೋಡಿದಳು. ಹುಡುಗಿ ಸುಣ್ಣ ಬಳಿದ ಗೋಡೆಯಾಗಿದ್ದಳು.

"ಮಲ್ಕೊಂಡ್ಬಿಟ್ಟೆ ಅಕ್ಕ," ಎಂದಳು ನೆಟ್ಟಿ.

"ಮಲ್ಕೊಂಡ್ಯಾ! ಡರ್ಬಿ ದಿನ!" ಇಮೋಜೀನಳ ಟೋಪಿ ನಡುಗಿತು. "ಹೋಗ್ಲಿ ಬಿಡು. ಗೊತ್ತಿದ್ದೋರನ್ನ ನೋಡಿ ಕಲೀಬೇಕು. ಕೆಲ್ಸಿ, ಹೆಂಗೆ ಮಾಡ್ದೆ ಅಂತ ಸ್ವಲ್ಪ ಎಲ್ರಿಗೂ ಹೇಳು. ಹುಳಿಗೆ ಏನು ಹಾಕ್ದೆ?"

"ಅದು... ಹುಳಿ ಹಾಕ್ದೆ."

"ಯಾವ ಹುಳಿ?"

"ಹುಳಿಯಾಗಿರೋ ಹುಳಿ."

ವಿಲ್ಡಾ ಹುಬ್ಬೇರಿಸಿದಳು. "ಸಿಪ್ಪೆ ಅಷ್ಟು ನುಣ್ಣಗೆ ಹೆಂಗೆ ಬಿಡ್ತಮ್ಮ?"

"ಕೈಯಲ್ಲಿ." ಕೆಲ್ಸಿ ನೆಟ್ಟಿಯ ಕಡೆ ನೋಡಿದಳು. "ಪ್ರೀತಿಯಿಂದ." ಅಷ್ಟೇ, ಅಣೆಕಟ್ಟು ಒಡೆಯಿತು. "ನಾನಲ್ಲ ಅತ್ತೆ! ನೆಟ್ಟಿ ಆಂಟಿ ಮಾಡಿದ್ದು! ನಂದೆಲ್ಲ ಹಾಳಾಗೋಯ್ತು, ಆಂಟಿ ತಮ್ಮ ಮೊಟ್ಟೆ ಕೊಟ್ರು, ತಮ್ಮ ಉಪ್ಪಿನಕಾಯಿ ಕೊಟ್ರು, ಮನೇಲಿದ್ದ ಐಸೂ ಕೊಟ್ರು. ಅದಕ್ಕೇ ಅಂಗಡಿಗೆ ಹೋಗೋಕಾಗ್ಲಿಲ್ಲ. ಬೈಯೋದಾದ್ರೆ ನಂಗೆ ಬೈಯಿರಿ!"

ಅದೇ ಹೊತ್ತಿಗೆ ಹಜಾರದಲ್ಲಿ ಗಂಡಸರು, "ಬಿಟ್ರು! ಬಿಟ್ರು! ಬನ್ರೇ!" ಎಂದು ಕೂಗಿದರು. ಕುದುರೆಗಳು ಓಡತೊಡಗಿದ್ದವು. ವರ್ಷವಿಡೀ ಕಾಯುವ ಓಟ, ಅದಕ್ಕಾಗಿ ಹೊಲಿಸಿದ ಟೋಪಿಗಳು, ಅದಕ್ಕಾಗಿ ಉಪ್ಪು ಹಾಕಿ ತೂಗುಬಿಟ್ಟ ಹಂದಿಯ ತೊಡೆ. ಎರಡು ನಿಮಿಷದಲ್ಲಿ ಮುಗಿದುಹೋಗುವ ಆಟ. ಅಡುಗೆಮನೆಯಿಂದ ಒಬ್ಬಳೂ ಕದಲಲಿಲ್ಲ. ಇಮೋಜೀನಳ ಮುಖದಲ್ಲಿ ನಡೆಯುತ್ತಿದ್ದ ಓಟ ಟೀವಿಯಲ್ಲಿ ಎಲ್ಲಿ ಸಿಗಬೇಕು?

ಇಮೋಜೀನ್ ನೆಟ್ಟಿಯನ್ನು ನೋಡಿದಳು. ಖಾಲಿ ತಟ್ಟೆಯನ್ನು ನೋಡಿದಳು. ಬ್ರಷಿಯರ್ ಮನೆತನದಲ್ಲಿ ಇದುವರೆಗೆ ಯಾರೂ ಯಾರಲ್ಲೂ ಕ್ಷಮೆ ಕೇಳಿದ ದಾಖಲೆಯಿಲ್ಲ. ಹಜಾರದಲ್ಲಿ ಕಿರುಚಾಟ ಮೇಲೇರಿ, ಮುಗಿಲು ಮುಟ್ಟಿ, ನಿಂತಿತು. ಯಾವುದೋ ಕುದುರೆ ಗೆದ್ದಿತ್ತು.

"ಹಂಗಾದ್ರೆ," ಎಂದಳು ಇಮೋಜೀನ್ ಕೊನೆಗೆ, "ಮುಂದಿನ ವರ್ಷ ನೀನು ಮೊಟ್ಟೆ ಮಾಡಿದ್ರೆ, ಐಸ್ ಯಾರು ತರ್ತಾರೆ?"

ವಿಲ್ಡಾ ಸೂರಿನಲ್ಲಿ ಏನೋ ಇದೆಯೆಂಬಂತೆ ಮೇಲೆ ನೋಡಿದಳು. ಇನ್ನೊಬ್ಬಳು ತನ್ನ ಟೋಪಿಯ ಹೂವು ಸರಿಮಾಡಿಕೊಂಡಳು.

"ನಾನು ತರ್ತೀನಿ ಅತ್ತೆ," ಎಂದಳು ಕೆಲ್ಸಿ.

"ಬೇಡಮ್ಮ ತಾಯಿ. ನೀನು ತಾಜಾ ಐಸ್ ಬೇಕು ಅಂತ ಉತ್ತರ ಧ್ರುವಕ್ಕೆ ಹೋದ್ರೆ ಕಷ್ಟ." ಇಮೋಜೀನ್ ಬೆನ್ನು ನೆಟ್ಟಗೆ ಮಾಡಿದಳು. "ಬೆಂಡೆಕಾಯಿ ಹಾಕಿ ಕುಡಿಸಿದೀನಿ ಇವತ್ತು ಜಡ್ಜ್‌ಗೆ. ಐಸ್ ಅಂದ್ರೆ ಏನ್ ಹುಡುಗಾಟಾನಾ? ಈ ಮನೇಲಿ ದೊಡ್ಡ ಕೆಲಸ ಯಾವುದಿದ್ಯೋ ಅದನ್ನ ಯಾವಾಗ್ಲೂ ನಾನೇ ಮಾಡೋದು. ಐಸ್ ನಾನೇ ತರ್ತೀನಿ."

ಹೆಂಗಸರು ಒಬ್ಬೊಬ್ಬರಾಗಿ ಹಜಾರಕ್ಕೆ ಜಾರಿದರು. ನೆಟ್ಟಿ ಅಲ್ಲೇ ನಿಂತಿದ್ದಳು. ಗೆದ್ದಿದ್ದಳು. ಆದರೆ ಸಂತೋಷ ಇನ್ನೂ ದಾರಿಯಲ್ಲಿತ್ತು, ಒಳಗೆ ಬಂದಿರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಈಗ ನೆನಪಾಯಿತು. ತಟ್ಟೆಯ ಗುಳಿಗಳಲ್ಲಿ ಕೆಂಪು ಪುಡಿ ಮಾತ್ರ ಉಳಿದಿತ್ತು.

ಇಮೋಜೀನ್ ಅವಳನ್ನೇ ನೋಡುತ್ತಿದ್ದಳು. "ನೀನು ತಿಂದ್ಯಾ?"

"ಇಲ್ಲಕ್ಕ. ಸಿಗ್ಲಿಲ್ಲ."

ಇಮೋಜೀನ್ ಅತ್ತಿತ್ತ ನೋಡಿದಳು. ಬಾಗಿಲು ಮುಂದೆ ಮಾಡಿದಳು. ಆಮೇಲೆ ಬ್ರೆಡ್ಡಿನ ಡಬ್ಬಿಯ ಹಿಂದೆ ಕೈ ಹಾಕಿ, ಕಾಗದದ ಕರವಸ್ತ್ರದ ಒಂದು ಪುಟ್ಟ ಗಂಟು ಹೊರಗೆ ತೆಗೆದಳು. ಬಿಚ್ಚಿದರೆ ಮೂರು ಮೊಟ್ಟೆ ಹೋಳು. ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ತಿನ್ನಲು ಬಚ್ಚಿಟ್ಟುಕೊಂಡಿದ್ದು. ಕಳ್ಳತನ ಸಿಕ್ಕಿಬಿದ್ದವರ ಹಾಗೆ ಅವಳ ಕಿವಿ ಕೆಂಪಾಯಿತು. ಅದರಲ್ಲಿ ಚೆನ್ನಾಗಿ ತುಂಬಿದ್ದ ಒಂದನ್ನು ಆರಿಸಿ ನೆಟ್ಟಿಯ ಕೈಗಿಟ್ಟಳು.

ನೆಟ್ಟಿ ಕಚ್ಚಿದಳು. ಮೆಲ್ಲಗೆ ಅಗಿದಳು. ಕಣ್ಣು ಮಂಜಾಗಿದ್ದರಿಂದ ಗೋಡೆಯ ಕಡೆ ತಿರುಗಿ, "ಉಪ್ಪು ಒಂಚೂರು ಕಮ್ಮಿ ಆಯ್ತೇನೋ ಅಕ್ಕ" ಎಂದಳು.

"ಕಮ್ಮಿಯಂತೆ ಕಮ್ಮಿ!" ಇಮೋಜೀನ್ ರೇಗಿದಳು. "ಈ ಮೊಟ್ಟೆಗೆ ಹೆಸರಿಡೋಕೆ ಬಂದ್ರೆ ನೀನಾದ್ರೂ ಸುಮ್ನಿರಲ್ಲ ನಾನು. ಬಾಯ್ ಮುಚ್ಕೊಂಡು ತಿನ್ನು."